ಸಿಡಿತಲೆ ಕೆಳಗೆ ಬಿದ್ದರೆ, ಬೆಂಕಿಗೆ ಸಿಕ್ಕರೆ ಏನಾಗುತ್ತದೆ? ಬೀಗ ಇರುವುದು ಯಾತಕ್ಕೆ, 8 ಕೆಜಿ ಲೆಕ್ಕ ಯಾತಕ್ಕೆ?

ಪ್ರಶ್ನೆ: ಕಿಟಕಿ

ಅಣ್ವಸ್ತ್ರಗಳ ಸುರಕ್ಷತೆ ಬಗ್ಗೆ ಓದುವಾಗ ಮೂರು ವಿಷಯ ಒಂದರೊಳಗೊಂದು ಕಲಸಿಹೋಗುತ್ತಿವೆ. ಬಿಡಿಸಿ ಹೇಳುವವರಿದ್ದರೆ ದಯವಿಟ್ಟು ಹೇಳಿ.

ಒಂದು, ಬಾಂಬ್ ಹೊತ್ತ ವಿಮಾನ ಬಿದ್ದರೆ ಅಥವಾ ಸಿಡಿತಲೆಗೆ ಬೆಂಕಿ ತಗುಲಿದರೆ ಅಣುಸ್ಫೋಟ ಆಗಿಯೇ ಬಿಡುತ್ತದೆಯೇ? 1961ರಲ್ಲಿ ಅಮೆರಿಕದ ಗೋಲ್ಡ್ಸ್‌ಬರೊ ಬಳಿ ಬಾಂಬರ್ ವಿಮಾನ ಬಿದ್ದ ಅಪಘಾತದಲ್ಲಿ "ಆರರಲ್ಲಿ ಐದು ಸುರಕ್ಷಾ ಸಾಧನ ಕೈಕೊಟ್ಟವು, ಆರನೆಯದು ಕಾಪಾಡಿತು" ಅಂತ ಎಲ್ಲ ಕಡೆ ಬರೆಯುತ್ತಾರೆ. ನಿಜವೇ?

ಎರಡು, ಕೋಡ್ ಹಾಕಿ ತೆಗೆಯುವ 'ಪಾಲ್' ಎಂಬ ಬೀಗ ಇದೆಯಲ್ಲ, ಅದು ಇಂಥ ಅಪಘಾತವನ್ನೂ ತಡೆಯುತ್ತದೆಯೇ? ತಡೆಯುವುದಾದರೆ ಬಾಂಬ್ ಇರುವ ಎಲ್ಲ ದೇಶಗಳಿಗೂ ಅದನ್ನು ಕೊಟ್ಟುಬಿಡಬಾರದೇಕೆ?

ಮೂರು, ಅಂತಾರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ (ಐಎಇಎ) ದಾಖಲೆಗಳಲ್ಲಿ 8 ಕೆಜಿ ಪ್ಲುಟೋನಿಯಂ, 25 ಕೆಜಿ ಯುರೇನಿಯಂ ಎಂಬ ಅಂಕಿ ಮತ್ತೆ ಮತ್ತೆ ಬರುತ್ತದೆ. ಅದಕ್ಕಿಂತ ಕಡಿಮೆ ಕಾಣೆಯಾದರೆ ಯಾರೂ ಕೇಳುವುದಿಲ್ಲವೇ?

ಉತ್ತರ: ಅಳತೆಗೋಲು

ಮೊದಲನೆಯದಕ್ಕೆ ಮಾತ್ರ ಹೇಳುತ್ತೇನೆ, ಉಳಿದದ್ದಕ್ಕೆ ಇಲ್ಲಿ ನನಗಿಂತ ತಿಳಿದವರಿದ್ದಾರೆ.

ಸಿಡಿತಲೆಯೊಳಗಿನ ಎರಡು ಅಪಾಯಗಳನ್ನು ಬೇರೆ ಬೇರೆಯಾಗಿ ಇಟ್ಟು ನೋಡಿ. ಪ್ಲುಟೋನಿಯಂ ಸುತ್ತ ರಾಸಾಯನಿಕ ಸ್ಫೋಟಕ ಇರುತ್ತದೆ. ಜೋರಾದ ಪೆಟ್ಟಿಗೋ ಬೆಂಕಿಗೋ ಅದು ಸಿಡಿಯಬಹುದು, ಸಿಡಿದರೆ ಪ್ಲುಟೋನಿಯಂ ಪುಡಿಯಾಗಿ ಸುತ್ತಲಿನ ಗಾಳಿಗೆ, ಮಣ್ಣಿಗೆ ಸೇರುತ್ತದೆ. ಕೆಟ್ಟದ್ದೇ, ಆದರೆ ಅಣುಸ್ಫೋಟವಲ್ಲ. ಅಣುಸ್ಫೋಟ ಆಗಬೇಕಾದರೆ ಆ ಸ್ಫೋಟಕ ಎಲ್ಲ ಕಡೆಯಿಂದಲೂ ಒಟ್ಟಿಗೆ, ಕರಾರುವಾಕ್ಕಾಗಿ ಸಿಡಿಯಬೇಕು. ಅಪಘಾತದಲ್ಲಿ ಸಾಮಾನ್ಯವಾಗಿ ಯಾವುದೋ ಒಂದು ಮೂಲೆಯಿಂದ ಸಿಡಿತ ಶುರುವಾಗುತ್ತದೆ. ಹಾಗಾದಾಗಲೂ ಏನೂ ಆಗದಂತೆ ವಿನ್ಯಾಸ ಇರಬೇಕು ಎಂಬುದಕ್ಕೆ 'ಒನ್ ಪಾಯಿಂಟ್ ಸೇಫ್ಟಿ' ಎನ್ನುತ್ತಾರೆ. ಅಮೆರಿಕದ ಮಾನದಂಡ ಹೀಗಿದೆ: ಸ್ಫೋಟಕದ ಯಾವುದೇ ಒಂದು ಬಿಂದುವಿನಲ್ಲಿ ಸಿಡಿತ ಶುರುವಾದರೂ 4 ಪೌಂಡ್, ಅಂದರೆ ಸುಮಾರು 1.8 ಕೆಜಿ, ಟಿಎನ್‌ಟಿಗೆ ಸಮನಾದುದಕ್ಕಿಂತ ಹೆಚ್ಚು ಅಣುಶಕ್ತಿ ಹೊರಬೀಳುವ ಸಂಭವ ಹತ್ತು ಲಕ್ಷಕ್ಕೆ ಒಂದನ್ನು ಮೀರಬಾರದು. 1968ರಲ್ಲಿ ಇದರ ಜೊತೆಗೆ ಇನ್ನೆರಡು ಅಂಕಿ ನಿಗದಿಯಾದವು. ಮಾಮೂಲಿ ದಾಸ್ತಾನಿನಲ್ಲಿರುವ ಸಿಡಿತಲೆಗೆ ಅದರ ಇಡೀ ಆಯುಷ್ಯದಲ್ಲಿ ನೂರು ಕೋಟಿಗೆ ಒಂದು, ಅಪಘಾತಕ್ಕೆ ಸಿಕ್ಕ ಸಿಡಿತಲೆಗೆ ಹತ್ತು ಲಕ್ಷಕ್ಕೆ ಒಂದು.

ಸ್ಫೋಟಕ ಮಾತ್ರ ಸಿಡಿದ ಉದಾಹರಣೆ ಬೇಕಿದ್ದರೆ 1966ರ ಜನವರಿ 17, ಸ್ಪೇನಿನ ಪಾಲೊಮಾರೆಸ್. ಆಕಾಶದಲ್ಲೇ ಇಂಧನ ತುಂಬಿಸಿಕೊಳ್ಳುವಾಗ ಅಮೆರಿಕದ ಬಿ-52 ಬಾಂಬರ್ ವಿಮಾನ ಟ್ಯಾಂಕರ್‌ಗೆ ಡಿಕ್ಕಿ ಹೊಡೆಯಿತು, ನಾಲ್ಕು ಬಿ-28 ಬಾಂಬ್‌ಗಳು ಉದುರಿದವು. ಎರಡರ ಸ್ಫೋಟಕ ನೆಲಕ್ಕೆ ಬಡಿದು ಸಿಡಿಯಿತು, ಒಂದು ಹೆಚ್ಚುಕಡಿಮೆ ಇದ್ದ ಹಾಗೇ ನೆಲದ ಮೇಲೆ ಸಿಕ್ಕಿತು, ಇನ್ನೊಂದು ಮೆಡಿಟರೇನಿಯನ್ ಸಮುದ್ರದ ತಳದಿಂದ ಏಪ್ರಿಲ್‌ನಲ್ಲಿ ಮೇಲೆ ಬಂತು. ಸುಮಾರು 1,400 ಟನ್ ಮಣ್ಣು ಮತ್ತು ಗಿಡಗಂಟಿಯನ್ನು ಬಳಿದು ಅಮೆರಿಕಕ್ಕೆ ಸಾಗಿಸಿದರು. ಅಲ್ಲಿ ಉಳಿದ ಮಣ್ಣಿನ ಬಗ್ಗೆ ಎರಡು ದೇಶಗಳು 2015ರಲ್ಲೂ ಮಾತಾಡುತ್ತಿದ್ದವು. ಎರಡು ವರ್ಷದ ಬಳಿಕ, 1968ರ ಜನವರಿ 21ರಂದು, ಗ್ರೀನ್‌ಲ್ಯಾಂಡಿನ ಥೂಲೆ ನೆಲೆಯ ಹತ್ತಿರ ಇನ್ನೊಂದು ಬಿ-52 ಮಂಜುಗಡ್ಡೆಯ ಮೇಲೆ ಬಿತ್ತು. ಕಾರಣ ಕೇಳಿದರೆ ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ: ಬಿಸಿಗಾಳಿಯ ಕಿಂಡಿಯ ಹತ್ತಿರ ಸೀಟಿನ ಫೋಮ್ ದಿಂಬುಗಳನ್ನು ತುರುಕಿದ್ದರು, ಅವು ಹೊತ್ತಿಕೊಂಡವು. ಬಾಂಬ್ ಹೊತ್ತ ವಿಮಾನಗಳನ್ನು ಸದಾ ಹಾರಿಸಿಕೊಂಡಿರುವ ಪದ್ಧತಿ ಅಲ್ಲಿಗೆ ನಿಂತಿತು.

ಇನ್ನು ಗೋಲ್ಡ್ಸ್‌ಬರೊ. "ಆರರಲ್ಲಿ ಐದು ಕೈಕೊಟ್ಟವು" ಎನ್ನುವುದು ಅರ್ಧ ಸತ್ಯ. ವಿಮಾನ ಗಾಳಿಯಲ್ಲೇ ಮುರಿದಾಗ ಎರಡು ಮಾರ್ಕ್-39 ಬಾಂಬ್‌ಗಳು ಹೊರಬಿದ್ದವು. ಒಂದರಲ್ಲಿ ಪಿನ್ನುಗಳು ಎಳೆದುಕೊಂಡು ಬಂದವು, ಪ್ಯಾರಾಚೂಟ್ ಬಿಚ್ಚಿಕೊಂಡಿತು, ಟೈಮರ್ ಓಡಿತು. ಇವೆಲ್ಲ ಸುರಕ್ಷಾ ಸಾಧನ ಕೆಟ್ಟದ್ದರಿಂದ ಆದದ್ದಲ್ಲ. ತನ್ನನ್ನು ಬೇಕೆಂದೇ ಕೆಳಗೆ ಬಿಟ್ಟಿದ್ದಾರೆ ಎಂಬಂತೆ ಬಾಂಬ್ ನಡೆದುಕೊಂಡಿತು, ಅದಕ್ಕೆ ಕಲಿಸಿದ್ದೇ ಅದು. ವಿಮಾನದೊಳಗಿಂದ ಸಿಬ್ಬಂದಿ ತಿರುಗಿಸಬೇಕಾದ ಆರ್ಮ್-ಸೇಫ್ ಸ್ವಿಚ್ ಮಾತ್ರ 'ಸೇಫ್' ಸ್ಥಿತಿಯಲ್ಲೇ ಉಳಿದಿತ್ತು. ಪ್ಯಾರಾಚೂಟ್ ಬಿಚ್ಚಿಕೊಳ್ಳದೆ ಕೆಸರುಗದ್ದೆಗೆ ಅಪ್ಪಳಿಸಿದ ಎರಡನೆಯ ಬಾಂಬಿನ ಸ್ವಿಚ್ 'ಆರ್ಮ್' ಎಂದು ತೋರಿಸುತ್ತಿತ್ತು. ಬಿಚ್ಚಿ ನೋಡಿದಾಗ ಬಿದ್ದ ಪೆಟ್ಟಿಗೆ ಸೂಚಕ ತಿರುಗಿದ್ದು ಕಂಡಿತು, ಒಳಗಿನ ವಿದ್ಯುತ್ ಸಂಪರ್ಕ ಕೂಡಿರಲಿಲ್ಲ. ಆ ಬಾಂಬಿನ ಒಂದು ಭಾಗ ಇನ್ನೂ ಆ ನೆಲದಡಿಯೇ ಇದೆ.

1969ರಲ್ಲಿ ಅಮೆರಿಕದ ಅಣ್ವಸ್ತ್ರ ಪ್ರಯೋಗಾಲಯ ಸ್ಯಾಂಡಿಯಾದ ಪಾರ್ಕರ್ ಜೋನ್ಸ್ ಬರೆದ ಟಿಪ್ಪಣಿಯ ತಕರಾರೂ ಸಂಖ್ಯೆಯ ಬಗ್ಗೆ ಇರಲಿಲ್ಲ. ಆ ಟಿಪ್ಪಣಿ ಹೊರಬಂದದ್ದು 2013ರಲ್ಲಿ. ಕಡಿಮೆ ವೋಲ್ಟೇಜಿನ ಒಂದು ಸಾದಾ ಸ್ವಿಚ್ಚಿನ ಮೇಲೆ ಎಲ್ಲವೂ ನಿಂತಿತ್ತು. ವಿಮಾನ ಮುರಿಯುವಾಗ ಯಾವುದಾದರೂ ವೈರು ಶಾರ್ಟ್ ಆಗಿ ಅದೇ ಸ್ವಿಚ್ಚಿಗೆ ಕರೆಂಟು ಹರಿದಿದ್ದರೆ ಗತಿ ಏನು ಎಂಬುದು ಅವರ ಪ್ರಶ್ನೆ.

ಆ ಪ್ರಶ್ನೆಯ ಉತ್ತರವಾಗಿ 1970ರ ದಶಕದ ಕೊನೆಯಿಂದ ಬಂದ ವ್ಯವಸ್ಥೆಯಲ್ಲಿ ಮೂರು ಅಂಶ ಇವೆ.

ಮೊದಲು, ಸಿಡಿಸುವ ವಿದ್ಯುತ್ ಭಾಗಗಳನ್ನೆಲ್ಲ ಒಂದು ಗಟ್ಟಿ ಕವಚದೊಳಗೆ ಸೇರಿಸಿ, ಹೊರಗಿನ ಯಾವ ಕರೆಂಟೂ, ಸಿಡಿಲೂ ಒಳಗೆ ನುಗ್ಗದಂತೆ ಬೇರ್ಪಡಿಸುತ್ತಾರೆ.

ಎರಡನೆಯದು 'ಸ್ಟ್ರಾಂಗ್ ಲಿಂಕ್'. ಕವಚದೊಳಕ್ಕೆ ಹೋಗುವ ಏಕೈಕ ದಾರಿಯಲ್ಲಿ ಕೂತ ಗಟ್ಟಿಮುಟ್ಟಾದ ಸ್ವಿಚ್ ಅದು. ಬರೀ ವೋಲ್ಟೇಜಿಗೆ ಅದು ತೆರೆಯುವುದಿಲ್ಲ. ಎರಡು ಬಗೆಯ ಮಿಡಿತಗಳು ನಿರ್ದಿಷ್ಟ ಕ್ರಮದಲ್ಲಿ 24 ಸಲ ಬರಬೇಕು, ನಡುವೆ ಒಂದು ತಪ್ಪಿದರೂ ಬಿಗಿದುಕೊಳ್ಳುತ್ತದೆ. ಸುಟ್ಟು ಶಾರ್ಟ್ ಆದ ವೈರಿನಿಂದ ಕರೆಂಟು ಬರಬಹುದು, ಆ ಕ್ರಮ ತಾನಾಗಿ ಹುಟ್ಟುವುದಿಲ್ಲ.

ಮೂರನೆಯದು 'ವೀಕ್ ಲಿಂಕ್', ಅಂದರೆ ಬೇಕೆಂದೇ ದುರ್ಬಲವಾಗಿ ಮಾಡಿದ ಭಾಗ, ಉದಾಹರಣೆಗೆ ಶಾಖಕ್ಕೆ ಬೇಗ ಸಾಯುವ ಕೆಪಾಸಿಟರ್. ಮನೆಯ ಫ್ಯೂಸ್ ವೈರಿನ ತತ್ವವೇ. ಇಲ್ಲಿ ಎಲ್ಲವೂ ನಿಂತಿರುವುದು ಯಾವುದು ಮೊದಲು ಸಾಯುತ್ತದೆ ಎಂಬುದರ ಮೇಲೆ. ಬೆಂಕಿ ಏರುತ್ತಾ ಹೋದಾಗ ಸ್ಟ್ರಾಂಗ್ ಲಿಂಕ್ ಸೋಲುವುದಕ್ಕೆ ಮುಂಚೆಯೇ ವೀಕ್ ಲಿಂಕ್ ಸತ್ತಿರಬೇಕು, ಆಮೇಲೆ ಏನೇ ಸಂಕೇತ ಬಂದರೂ ಸಿಡಿಸುವ ಶಕ್ತಿಯೇ ಇರುವುದಿಲ್ಲ. ಎರಡನ್ನೂ ಅಕ್ಕಪಕ್ಕದಲ್ಲೇ ಇಡುವುದು ಇದಕ್ಕಾಗಿ. ಒಂದು ಈ ತುದಿ, ಇನ್ನೊಂದು ಆ ತುದಿಯಲ್ಲಿದ್ದರೆ ಬೆಂಕಿ ಒಂದೇ ಕಡೆ ತಗುಲಿ ಸರದಿ ತಪ್ಪಬಹುದು.

ಇದರ ಜೊತೆಗೆ ಟಿಎಟಿಬಿ ಎಂಬ ರಾಸಾಯನಿಕದ ಆಧಾರದ 'ಜಡ' ಸ್ಫೋಟಕ ಬಂತು. ಬಿದ್ದರೂ, ಬೆಂಕಿ ತಗುಲಿದರೂ ಸಿಡಿಯುವುದು ತೀರಾ ಕಷ್ಟ. ತೊಂದರೆ ಏನೆಂದರೆ ಅಷ್ಟೇ ತೂಕಕ್ಕೆ ಅದರ ಬಲ ಕಡಿಮೆ, ಹಾಗಾಗಿ ಸಿಡಿತಲೆ ದಪ್ಪವೂ ಭಾರವೂ ಆಗುತ್ತದೆ. ಜಲಾಂತರ್ಗಾಮಿಯ ಟ್ರೈಡೆಂಟ್ ಕ್ಷಿಪಣಿಯಲ್ಲಿರುವ ಡಬ್ಲ್ಯು-76, ಡಬ್ಲ್ಯು-88 ಸಿಡಿತಲೆಗಳಲ್ಲಿ ಅದನ್ನು ಹಾಕಲೇ ಇಲ್ಲ. ಅಲ್ಲಿ ಸಿಡಿತಲೆಗಳು ಮೂರನೆಯ ಹಂತದ ಮೋಟರಿನ ಸುತ್ತ ಕೂತಿರುತ್ತವೆ. ಆ ಮೋಟರಿನ ಇಂಧನವೂ ಸಿಡಿಯಬಲ್ಲದ್ದೇ. 1990ರಲ್ಲಿ ಅಮೆರಿಕದ ಅಣ್ವಸ್ತ್ರ ಸುರಕ್ಷತೆಯನ್ನು ಪರಿಶೀಲಿಸಿದ ಡ್ರೆಲ್ ಸಮಿತಿ ಬೆರಳಿಟ್ಟು ತೋರಿಸಿದ್ದು ಈ ಜಾಗವನ್ನು.

ಉತ್ತರ: ಬೀಗದಕೈ

ಅಳತೆಗೋಲು ಅವರು ಹೇಳಿದ್ದು ಅಪಘಾತದ ಕಥೆ. ಪಾಲ್ ಬೀಗಕ್ಕೂ ಅದಕ್ಕೂ ಹೆಚ್ಚೇನೂ ಸಂಬಂಧವಿಲ್ಲ. ಸ್ಟ್ರಾಂಗ್ ಲಿಂಕ್ ಕೇಳುವುದು "ಇದು ಬೇಕೆಂದು ಕೊಟ್ಟ ಸಂಕೇತವೋ, ಅಪಘಾತದ ಗದ್ದಲವೋ" ಎಂದು. ಪಾಲ್ ಕೇಳುವುದು "ಕೊಟ್ಟವನಿಗೆ ಅಧಿಕಾರ ಇದೆಯೋ" ಎಂದು. ಸ್ಟ್ರಾಂಗ್ ಲಿಂಕಿನ 24 ಮಿಡಿತಗಳ ಕ್ರಮ ಗುಟ್ಟಾಗಿ ಇರಬೇಕಾದ್ದಿಲ್ಲ, ಅಕಸ್ಮಾತ್ ಹುಟ್ಟದಿದ್ದರೆ ಸಾಕು. ಪಾಲ್ ಕೋಡ್ ಗುಟ್ಟಾಗಿಯೇ ಇರಬೇಕು. ಗೋಲ್ಡ್ಸ್‌ಬರೊ ಬಾಂಬಿಗೆ ಪಾಲ್ ಇದ್ದಿದ್ದರೂ ಜೋನ್ಸ್ ಅವರ ಶಾರ್ಟ್ ಸರ್ಕ್ಯೂಟ್ ಪ್ರಶ್ನೆ ಪೂರ್ತಿ ತೀರುತ್ತಿರಲಿಲ್ಲ.

ಪಾಲ್ ಹುಟ್ಟಿದ್ದೇ ಬೇರೆ ಹೆದರಿಕೆಯಿಂದ. ಯುರೋಪಿನ ಮಿತ್ರದೇಶಗಳ ನೆಲೆಗಳಲ್ಲಿ ಅಮೆರಿಕದ ಬಾಂಬ್‌ಗಳು ಇದ್ದವು. ಅಲ್ಲಿನ ಸೈನ್ಯ ಅವನ್ನು ಕೈವಶ ಮಾಡಿಕೊಂಡರೆ? 1962ರ ಜೂನ್‌ನಲ್ಲಿ ಕೆನಡಿ ಆದೇಶ ಹೊರಡಿಸಿ ಅವುಗಳಿಗೆ ಬೀಗ ಹಾಕಿಸಿದರು. ಮೊದಲಿನವು ನಾಲ್ಕಂಕಿಯ ಕೋಡಿನವು. ಆಮೇಲೆ ಆರಂಕಿ, ಹನ್ನೆರಡಂಕಿ ಬಂತು. ತಪ್ಪು ಕೋಡ್ ಕೆಲವು ಸಲ ಒತ್ತಿದರೆ ಪೂರ್ತಿ ಬಂದ್ ಆಗುವ ಏರ್ಪಾಡೂ ಸೇರಿಕೊಂಡಿತು.

ಎಲ್ಲರೂ ಇದನ್ನು ಹಾಕಿಕೊಂಡಿಲ್ಲ. ಬ್ರಿಟನ್ನಿನ ಡಬ್ಲ್ಯುಇ-177 ಬಾಂಬನ್ನು 1998ರಲ್ಲಿ ಸೇವೆಯಿಂದ ತೆಗೆಯುವವರೆಗೂ ಸೈಕಲ್ ಬೀಗದಂಥ ಕೀಲಿಯಿಂದಲೇ ತೆರೆಯುತ್ತಿದ್ದರು. ಬ್ರಿಟನ್ನಿನ ಟ್ರೈಡೆಂಟ್ ಸಿಡಿತಲೆಗಳಿಗೆ ಇವತ್ತಿಗೂ ಪಾಲ್ ಇಲ್ಲ. ಸಮುದ್ರದಡಿಯ ಹಡಗಿಗೆ ಕೋಡ್ ತಲುಪದೇ ಹೋದರೆ ಪ್ರತಿದಾಳಿಯೇ ಇಲ್ಲವಾಗುತ್ತದೆ ಎಂಬುದು ಅವರ ವಾದ. ಬೇಡವಾದಾಗ ಎಂದೂ ಸಿಡಿಯಬಾರದು, ಬೇಕಾದಾಗ ಸಿಡಿಯಲೇಬೇಕು. ಈ ಎರಡು ಬೇಡಿಕೆ ಒಂದನ್ನೊಂದು ಜಗ್ಗುತ್ತಲೇ ಇರುತ್ತವೆ, ಸೈನ್ಯ ಸಾಮಾನ್ಯವಾಗಿ ಎರಡನೆಯದರ ಕಡೆ ವಾಲುತ್ತದೆ.

ಬೀಗ ಗಟ್ಟಿ ಇದ್ದ ಮಾತ್ರಕ್ಕೆ ಲೆಕ್ಕ ಗಟ್ಟಿ ಇರುತ್ತದೆ ಅಂತಲೂ ಅಲ್ಲ. 2007ರ ಆಗಸ್ಟ್ ಕೊನೆಯಲ್ಲಿ ಅಮೆರಿಕದ ಮೈನಾಟ್ ನೆಲೆಯಿಂದ ಬಾರ್ಕ್ಸ್‌ಡೇಲ್‌ಗೆ ಹೋದ ಬಿ-52ರ ರೆಕ್ಕೆಯಡಿ ಆರು ಕ್ಷಿಪಣಿಗಳಲ್ಲಿ ನಿಜವಾದ ಅಣು ಸಿಡಿತಲೆಗಳಿದ್ದವು. ಅವು ಖಾಲಿ ಎಂದೇ ಎಲ್ಲರೂ ನಂಬಿದ್ದರು. ಸುಮಾರು 36 ಗಂಟೆ ಯಾರಿಗೂ ಸುಳಿವಿಲ್ಲ. ಬೀಗ ಒಡೆದಿರಲಿಲ್ಲ. ದಾಸ್ತಾನಿನಿಂದ ಹೊರತರುವಾಗ, ಗಾಡಿಗೆ ಏರಿಸುವಾಗ, ವಿಮಾನಕ್ಕೆ ಕಟ್ಟುವಾಗ ಒಬ್ಬೊಬ್ಬರೂ ನೋಡಿ ಖಚಿತಪಡಿಸಬೇಕಿತ್ತು. ಹಿಂದಿನವರು ನೋಡಿರುತ್ತಾರೆ ಎಂದುಕೊಂಡು ಮುಂದೆ ದಾಟಿಸಿದರು, ಅಷ್ಟೇ.

ಬೇರೆ ದೇಶಗಳಿಗೆ ಕೊಡುವ ಪ್ರಶ್ನೆ ಸ್ವಲ್ಪ ಬಿಗಿಯಾದ ಗಂಟು. ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದದ (ಎನ್‌ಪಿಟಿ) ಪ್ರಕಾರ 1967ರ ಜನವರಿ 1ಕ್ಕೆ ಮೊದಲು ಸ್ಫೋಟ ಮಾಡಿದ ಐದು ದೇಶಗಳು ಮಾತ್ರ ಅಣ್ವಸ್ತ್ರ ರಾಷ್ಟ್ರಗಳು. ಉಳಿದ ಯಾರಿಗೂ ಬಾಂಬ್ ತಯಾರಿಸಲು ಯಾವ ರೀತಿಯಲ್ಲೂ ನೆರವಾಗಬಾರದು ಎಂದು ಮೊದಲನೆಯ ವಿಧಿ ಹೇಳುತ್ತದೆ. ಭಾರತ, ಪಾಕಿಸ್ತಾನ, ಇಸ್ರೇಲ್ ಸಹಿ ಹಾಕಿಲ್ಲ, ಆದರೆ ಕೊಡುವವರು ಹಾಕಿದ್ದಾರೆ. ಜೊತೆಗೆ, ಒಳ್ಳೆಯ ಬೀಗ ಸಿಡಿತಲೆಯ ಹೊಟ್ಟೆಯೊಳಗೇ ಕೂರಬೇಕು. ಕೂರಿಸಲು ಹೋದರೆ ಕೊಡುವವನಿಗೆ ತೆಗೆದುಕೊಳ್ಳುವವನ ವಿನ್ಯಾಸ ಗೊತ್ತಾಗುತ್ತದೆ, ಅವನಿಗೆ ಇವನದು. ಮೇಲಾಗಿ ತನ್ನ ಬಾಂಬನ್ನು ಹೊರಗಿನವರು ನಿಷ್ಕ್ರಿಯ ಮಾಡುವ ಗುಟ್ಟು ಅದರಲ್ಲಿ ಅಡಗಿದೆಯೋ ಎಂಬ ಅನುಮಾನ ಯಾವ ದೇಶಕ್ಕೂ ಬಾರದೇ ಇರದು.

ಬಡ ಉಪಾಯವೂ ಒಂದಿದೆ, ನನ್ನ ಮಟ್ಟಿಗೆ ಅದೇ ಹೆಚ್ಚು ನಂಬಿಕೆಗೆ ಅರ್ಹ: ಭಾಗಗಳನ್ನು ಬಿಡಿಸಿ ಬೇರೆ ಬೇರೆ ಕಡೆ ಇಡುವುದು. ದಕ್ಷಿಣ ಆಫ್ರಿಕಾ ಆರು ಬಾಂಬ್ ಮಾಡಿತ್ತು. ಪ್ರತಿಯೊಂದನ್ನೂ ಎರಡು ಭಾಗ ಮಾಡಿ ಬೇರೆ ಬೇರೆ ಭದ್ರ ಕೋಣೆಗಳಲ್ಲಿ ಇಟ್ಟಿತ್ತು, ಆಮೇಲೆ ಎಲ್ಲವನ್ನೂ ಕಳಚಿಹಾಕಿ 1991ರಲ್ಲಿ ಎನ್‌ಪಿಟಿ ಸೇರಿತು. ಜೋಡಿಸದ ಬಾಂಬಿಗೆ ಬೆಂಕಿ ಬಿದ್ದರೆ ಬಾಂಬ್ ಅನ್ನುವುದೇ ಅಲ್ಲಿರುವುದಿಲ್ಲ. ಮುಚ್ಚಿದ ಕ್ಯಾನಿಸ್ಟರ್‌ನಲ್ಲಿ ಇಡುವ ಕ್ಷಿಪಣಿ, ಗಸ್ತು ತಿರುಗುವ ಜಲಾಂತರ್ಗಾಮಿ ಬಂದ ಕೂಡಲೇ ಈ ಉಪಾಯ ಕೈಕೊಡುತ್ತದೆ, ಅಲ್ಲಿ ಸಿಡಿತಲೆ ಜೋಡಿಸಿಯೇ ಇರಬೇಕಾಗುತ್ತದೆ.

ಉತ್ತರ: ತಕ್ಕಡಿ

ಮೂರನೆಯ ಪ್ರಶ್ನೆ. 8 ಕೆಜಿ ಎನ್ನುವುದು ರಿಯಾಯಿತಿ ಅಲ್ಲವೇ ಅಲ್ಲ. ತಪಾಸಣೆಯ ಗುರಿ ಎಷ್ಟು ಸೂಕ್ಷ್ಮವಾಗಿರಬೇಕು ಎಂದು ಹಾಕಿಕೊಂಡ ಗೆರೆ ಅದು. ತಯಾರಿಕೆಯಲ್ಲಿ ಆಗುವ ನಷ್ಟವನ್ನೂ ಸೇರಿಸಿ, ಒಂದು ಬಾಂಬ್ ಆಗುವ ಸಾಧ್ಯತೆಯನ್ನು ತಳ್ಳಿಹಾಕಲಾಗದ ಪ್ರಮಾಣಕ್ಕೆ ಐಎಇಎ 'ಗಣನೀಯ ಪ್ರಮಾಣ' ಎನ್ನುತ್ತದೆ. ಪ್ಲುಟೋನಿಯಂ 8 ಕೆಜಿ, ಯುರೇನಿಯಂ-233 ಕೂಡ 8 ಕೆಜಿ, ಪುಷ್ಟೀಕರಿಸಿದ (ಅಂದರೆ ಯು-235ರ ಪಾಲು ಹೆಚ್ಚಿಸಿದ) ಯುರೇನಿಯಂನಲ್ಲಿ ಆ ಪಾಲು ಶೇ 20 ಅಥವಾ ಹೆಚ್ಚಿದ್ದರೆ ಯು-235ರ ಲೆಕ್ಕ 25 ಕೆಜಿ, ಅದಕ್ಕಿಂತ ಕಡಿಮೆ ಪುಷ್ಟಿಯದರಲ್ಲಿ 75 ಕೆಜಿ. ಈ ಗೆರೆ ಸಡಿಲವಾಯಿತು ಎಂಬ ಟೀಕೆ ಹಳೆಯದು. ನಾಗಸಾಕಿ ಬಾಂಬಿನಲ್ಲಿ ಇದ್ದದ್ದೇ ಸುಮಾರು 6 ಕೆಜಿ.

ಪ್ರಮಾಣದ ಜೊತೆಗೆ ಕಾಲದ ಗುರಿಯೂ ಇದೆ. ಬೇರ್ಪಡಿಸಿದ ಪ್ಲುಟೋನಿಯಂ ಕಾಣೆಯಾದರೆ ಒಂದು ತಿಂಗಳೊಳಗೆ ತಿಳಿಯಬೇಕು, ಉರಿದ ಇಂಧನದಲ್ಲಿದ್ದರೆ ಮೂರು ತಿಂಗಳು, ಕಡಿಮೆ ಪುಷ್ಟಿಯ ಯುರೇನಿಯಂ ಆದರೆ ಒಂದು ವರ್ಷ.

ನಿಜವಾದ ತಲೆನೋವು ದೊಡ್ಡ ಘಟಕಗಳಲ್ಲಿ. ಉರಿದ ಇಂಧನದಿಂದ ಪ್ಲುಟೋನಿಯಂ ಬೇರ್ಪಡಿಸುವ, ವರ್ಷಕ್ಕೆ 8 ಟನ್ ಪ್ಲುಟೋನಿಯಂ ಹರಿಯುವ ಮರುಸಂಸ್ಕರಣಾ ಘಟಕ ಇದೆ ಎಂದಿಟ್ಟುಕೊಳ್ಳಿ, ಜಪಾನಿನ ರೊಕ್ಕಾಶೊ ಘಟಕದ ವಿನ್ಯಾಸ ಸಾಮರ್ಥ್ಯ ಆ ಆಸುಪಾಸಿನದು. ಅಳತೆಯಲ್ಲಿ ಶೇ 1ರಷ್ಟು ಅನಿಶ್ಚಿತತೆ ಇದ್ದರೆ 80 ಕೆಜಿ, ಅಂದರೆ ಹತ್ತು ಗಣನೀಯ ಪ್ರಮಾಣ. ಯಾರೂ ಕದ್ದಿರಬೇಕಾಗಿಲ್ಲ. ಪೈಪಿನ ಒಳಗೋಡೆಗೆ, ಟ್ಯಾಂಕಿನ ತಳಕ್ಕೆ ಅಂಟಿದ್ದು ಲೆಕ್ಕಕ್ಕೆ ಸಿಗುವುದಿಲ್ಲ. ಅದೇ ದೇಶದ ಟೊಕಾಯ್ ಮರುಸಂಸ್ಕರಣಾ ಘಟಕದಲ್ಲಿ 25 ವರ್ಷಗಳ ಲೆಕ್ಕ ಹಾಕಿದಾಗ 206 ಕೆಜಿ ಕೊರತೆ ಬಂತೆಂದು ಜಪಾನ್ 2003ರಲ್ಲಿ ಹೇಳಿತು. ತ್ಯಾಜ್ಯ ದ್ರವಕ್ಕೆ ಹೋದದ್ದು, ಇಂಧನ ಕೊಳವೆಯ ಚೂರುಗಳಲ್ಲಿ ಉಳಿದದ್ದು, ಪ್ಲುಟೋನಿಯಂ-241 ತಾನಾಗಿ ಕ್ಷಯಿಸಿದ್ದು ಎಲ್ಲ ಕಳೆದ ಮೇಲೆ 59 ಕೆಜಿಗೆ ಇಳಿಯಿತು. ಹಾಗಾಗಿಯೇ ಬರೀ ತೂಕದ ಪುಸ್ತಕ ನೋಡಿದರೆ ಆಗುವುದಿಲ್ಲ, ಸೀಲು ಮತ್ತು ಕ್ಯಾಮೆರಾ ಬೇಕು. ಐಎಇಎಯ ಹಳೆಯ ಲೋಹದ ಸೀಲು ನೋಡಲು ನಾಣ್ಯದಂಥ ಮುಚ್ಚಳ. ಒಳಮೈಯಲ್ಲಿ ಗೀರುಗಳಿರುತ್ತವೆ, ಹಾಕುವ ಮೊದಲೇ ಅವುಗಳ ಫೋಟೋ ತೆಗೆದಿಟ್ಟಿರುತ್ತಾರೆ. ಮುಂದಿನ ತಪಾಸಣೆಯಲ್ಲಿ ತಂತಿ ಕತ್ತರಿಸಿ ವಿಯೆನ್ನಾಕ್ಕೆ ತಂದು ಗೀರಿಗೆ ಗೀರು ಹೋಲಿಸುತ್ತಾರೆ. ಅದೇ ಸಂಖ್ಯೆಯ ನಕಲಿ ಸೀಲು ಮಾಡಬಹುದು, ಅವೇ ಗೀರುಗಳನ್ನು ಮೂಡಿಸುವುದು ಆಗದ ಮಾತು.

ಗ್ರಾಂ ಲೆಕ್ಕದಲ್ಲೂ ಹಿಡಿಯುತ್ತಾರೆ ಎಂಬುದಕ್ಕೆ ಉತ್ತರ ಕೊರಿಯಾ ಸಾಕ್ಷಿ. 1990ರಲ್ಲಿ ಒಂದೇ ಸಲ, ಸುಮಾರು 90 ಗ್ರಾಂ ಪ್ಲುಟೋನಿಯಂ ಬೇರ್ಪಡಿಸಿದ್ದೇವೆ ಎಂದು ಅದು 1992ರಲ್ಲಿ ಘೋಷಿಸಿತು. ತಪಾಸಕರು ಘಟಕದೊಳಗೆ ಬಟ್ಟೆ ತುಂಡಿನಿಂದ ಒರೆಸಿ ಮಾದರಿ ತೆಗೆದರು. ಪ್ಲುಟೋನಿಯಂ-241 ಸುಮಾರು 14 ವರ್ಷಗಳ ಅರ್ಧಾಯುಷ್ಯದಲ್ಲಿ ಅಮೆರಿಸಿಯಂ-241 ಆಗುತ್ತಾ ಹೋಗುತ್ತದೆ. ಮರುಸಂಸ್ಕರಣೆ ಮಾಡಿದಾಗ ಅಮೆರಿಸಿಯಂ ಬೇರೆಯಾಗಿ ಲೆಕ್ಕ ಸೊನ್ನೆಯಿಂದ ಶುರು. ಎರಡರ ಅನುಪಾತ ನೋಡಿದರೆ ಬೇರ್ಪಡಿಸಿದ ವರ್ಷ ಸಿಗುತ್ತದೆ. ಒಂದು ವರ್ಷದ ಬದಲು 1989, 1990, 1991 ಮೂರೂ ಸಿಕ್ಕವು. ಐಎಇಎ ಎರಡು ತ್ಯಾಜ್ಯ ಜಾಗ ತೋರಿಸಿ ಎಂದಿತು. 1993ರ ಮಾರ್ಚ್‌ನಲ್ಲಿ ಉತ್ತರ ಕೊರಿಯಾ ಎನ್‌ಪಿಟಿಯಿಂದಲೇ ಹೊರನಡೆಯುವುದಾಗಿ ಹೇಳಿತು. ಆ ಸಲ ತಡೆಹಿಡಿದು, 2003ರಲ್ಲಿ ನಿಜವಾಗಿ ಹೊರಟಿತು.

ಕಿಟಕಿ

ತಕ್ಕಡಿ ಸರ್, ಸೀಲು ಹಾಕುವುದು ಘೋಷಿಸಿದ ಜಾಗಕ್ಕೆ. ಘೋಷಿಸದೇ ಕಟ್ಟಿದ ಜಾಗಕ್ಕೆ ಏನು ಮಾಡುತ್ತಾರೆ? ಇನ್ನೊಂದು, ಜಡ ಸ್ಫೋಟಕ ಇದ್ದರೆ ಬೆಂಕಿಯಲ್ಲಿ ಪ್ಲುಟೋನಿಯಂ ಹೊರಬರುವುದೇ ಇಲ್ಲವೇ?

ತಕ್ಕಡಿ

1991ರವರೆಗೆ ಉತ್ತರವೇ ಇರಲಿಲ್ಲ. ಇರಾಕ್ ಎನ್‌ಪಿಟಿ ಸದಸ್ಯ, ತಪಾಸಣೆಯೂ ನಡೆಯುತ್ತಿತ್ತು. ತಪಾಸಕರು ಹೋಗುತ್ತಿದ್ದ ತುವೈಥಾ ಆವರಣದಲ್ಲೇ, ಅವರು ಕಾಲಿಡದ ಕಟ್ಟಡಗಳಲ್ಲಿ ಗುಟ್ಟಿನ ಕೆಲಸ ನಡೆದಿತ್ತು. 1991ರ ಕೊಲ್ಲಿ ಯುದ್ಧ ಮುಗಿದ ಮೇಲೆ ಎಲ್ಲ ಬಯಲಾಯಿತು. 1997ರ ಮೇನಲ್ಲಿ ಬಂದ ಹೆಚ್ಚುವರಿ ಪ್ರೋಟೊಕಾಲ್ ಈ ತೂತು ಮುಚ್ಚಲೆಂದೇ ಇರುವುದು. ಗಣಿಯಿಂದ ತ್ಯಾಜ್ಯದವರೆಗೆ, ಸೆಂಟ್ರಿಫ್ಯೂಜ್ (ಯುರೇನಿಯಂ ಪುಷ್ಟೀಕರಿಸುವ ಯಂತ್ರ) ಬಿಡಿಭಾಗ ಮಾಡುವ ಕಾರ್ಖಾನೆಯನ್ನೂ ಸೇರಿಸಿ ಘೋಷಿಸಬೇಕು. ತಪಾಸಕರು 24 ಗಂಟೆಯ ಸೂಚನೆ ಕೊಟ್ಟು ಬರಬಹುದು, ಆಗಲೇ ಆವರಣದ ಒಳಗಿದ್ದರೆ ಪಕ್ಕದ ಕಟ್ಟಡಕ್ಕೆ ಎರಡು ಗಂಟೆ ಸಾಕು. ಒಪ್ಪಿ ಸಹಿ ಹಾಕಿದ ದೇಶಕ್ಕೆ ಮಾತ್ರ ಇದು ಅನ್ವಯ ಎಂಬುದೇ ದೊಡ್ಡ ಕೊರತೆ.

ಇರಾನಿನ ಕಲಾಯೆ ಇಲೆಕ್ಟ್ರಿಕ್ ಎಂಬ ಕಾರ್ಯಾಗಾರದ ಪ್ರಕರಣ ನೋಡಿ. 2003ರಲ್ಲಿ ತಪಾಸಕರನ್ನು ತಿಂಗಳುಗಟ್ಟಲೆ ಕಾಯಿಸಿ ಒಳಗೆ ಬಿಟ್ಟರು. ಅಷ್ಟರಲ್ಲಿ ಆ ಜಾಗ ಹೊಸದಾಗಿ ರಿಪೇರಿ ಆಗಿತ್ತು. ಆದರೂ ಒರೆಸಿದ ಮಾದರಿಯಲ್ಲಿ ಹೆಚ್ಚು ಪುಷ್ಟಿಯ ಯುರೇನಿಯಂ ಕಣಗಳು ಸಿಕ್ಕವು. ಹೊರಗಿನಿಂದ ಕೊಂಡ ಬಿಡಿಭಾಗಗಳ ಜೊತೆ ಬಂದದ್ದು ಎಂದಿತು ಇರಾನ್. ಪಾಕಿಸ್ತಾನ ತನ್ನ ಸೆಂಟ್ರಿಫ್ಯೂಜ್ ಭಾಗಗಳನ್ನು 2005ರಲ್ಲಿ ಪರೀಕ್ಷೆಗೆ ಕೊಟ್ಟಾಗ ಬಹುಪಾಲು ಹೊಂದಿಕೆಯಾಯಿತು. ಅಂದರೆ ಕಣಗಳ ವಿಷಯದಲ್ಲಿ ಇರಾನ್ ಹೇಳಿದ್ದು ಹೆಚ್ಚುಕಡಿಮೆ ಸರಿ. ಆದರೆ ಅದೇ ಕಣಗಳು ಪಾಕಿಸ್ತಾನದ ವಿಜ್ಞಾನಿ ಎ.ಕ್ಯೂ. ಖಾನ್ ಅವರ ಗುಟ್ಟಿನ ಮಾರಾಟ ಜಾಲದಿಂದ ಸರಕು ಬಂದ ದಾರಿಯನ್ನೂ ತೋರಿಸಿಕೊಟ್ಟವು.

ಅಳತೆಗೋಲು

ಎರಡನೆಯದಕ್ಕೆ: ಬರುತ್ತದೆ. ಜಡ ಸ್ಫೋಟಕ ಸಿಡಿಯದೇ ಇರಬಹುದು, ಆದರೆ ಸುಮಾರು 640 ಡಿಗ್ರಿ ಸೆಲ್ಸಿಯಸ್‌ಗೆ ಪ್ಲುಟೋನಿಯಂ ಕರಗುತ್ತದೆ. ವಿಮಾನದ ಇಂಧನದ ಬೆಂಕಿ 1,000 ಡಿಗ್ರಿ ಆಸುಪಾಸಿನದು. ಕರಗಿ ಹೊರಗೆ ಹರಿದರೆ ಉರಿದು ಆಕ್ಸೈಡ್ ಆಗಿ ಹೊಗೆಯಲ್ಲಿ ಏಳುತ್ತದೆ. ಇದಕ್ಕಾಗಿ ಕೆಲವು ಸಿಡಿತಲೆಗಳಲ್ಲಿ ಪ್ಲುಟೋನಿಯಂ ಸುತ್ತ ಹೆಚ್ಚು ಶಾಖಕ್ಕೆ ಕರಗುವ ಲೋಹದ ಕೋಶ ಹಾಕಿದ್ದಾರೆ. ಇಂಧನದ ಬೆಂಕಿಯಲ್ಲಿ ಒಳಗಿನದು ಕರಗಿದರೂ ಹೊರಗೆ ಸೋರದಂತೆ ಅದು ಹಿಡಿದಿಡಬೇಕು. ಕ್ಷಿಪಣಿಯ ಘನ ಇಂಧನ ಹೊತ್ತಿದರೆ ಶಾಖ 2,000 ಡಿಗ್ರಿವರೆಗೆ ಹೋಗುತ್ತದೆ, ಆಗ ಈ ಕೋಶವನ್ನು ನೆಚ್ಚಿಕೊಳ್ಳುವಂತಿಲ್ಲ. ಹಾಗಾಗಿ ಘನ ಇಂಧನದ ಕ್ಷಿಪಣಿಗೆ ಸಿಡಿತಲೆ ಏರಿಸುವಾಗ, ಇಳಿಸುವಾಗ ಕ್ರೇನು, ಸ್ಥಾಯೀವಿದ್ಯುತ್ತು, ಕೈಜಾರುವ ಉಪಕರಣ ಇವುಗಳ ಮೇಲೆ ಕಟ್ಟುನಿಟ್ಟು ಜಾಸ್ತಿ. 1980ರ ಸೆಪ್ಟೆಂಬರ್‌ನಲ್ಲಿ ಅರ್ಕನ್ಸಾದ ಡಮಾಸ್ಕಸ್ ಬಳಿ ಟೈಟನ್-2 ಕ್ಷಿಪಣಿ ಸಿಡಿದದ್ದಕ್ಕೆ (ಅದರದ್ದು ದ್ರವ ಇಂಧನ) ಕಾರಣ ರಿಪೇರಿ ಮಾಡುವವರ ಕೈಯಿಂದ ಜಾರಿದ, ಸುಮಾರು 4 ಕೆಜಿ ತೂಕದ ಒಂದು ಸಾಕೆಟ್. ಅದು ಸುಮಾರು 80 ಅಡಿ ಕೆಳಗೆ ಬಿದ್ದು ಪುಟಿದು ಇಂಧನ ಟ್ಯಾಂಕನ್ನು ತೂತು ಮಾಡಿತ್ತು. 740 ಟನ್ ತೂಕದ ಬಾಗಿಲು ಹಾರಿಹೋಯಿತು, 9 ಮೆಗಾಟನ್ನಿನ ಸಿಡಿತಲೆ ಹೊರಗೆ ಎಸೆಯಲ್ಪಟ್ಟಿತು, ಒಬ್ಬ ವಾಯುಸೈನಿಕ ಸತ್ತ. ಸಿಡಿತಲೆ ಸಿಡಿಯಲಿಲ್ಲ, ವಿಕಿರಣಶೀಲ ವಸ್ತು ಕೂಡ ಸೋರಲಿಲ್ಲ.